ಗೋಡೆಯ ಕಡೆಗೆ ಇಳಿಜಾರು

"ಹೆಬ್ಬೆರಳು ತೆಗಿ" ಎಂದು ಅವನು ಅಕ್ಕನಿಗೆ ಹೇಳಿದ್ದು ಇದು ಮೂರನೆಯ ಸಲ.

"ತೆಗೆದಿದ್ದೀನಲ್ಲೋ" ಎಂದಳು ಅಕ್ಕ, ಪೈಪಿನ ತುದಿಯನ್ನು ಎದೆಗೆ ಒತ್ತಿಕೊಂಡು.

ಐದಾರು ಗಜ ಉದ್ದದ ತೆಳು ಪೈಪು, ಒಳಗಿನ ನೀರು ಹೊರಗೆ ಕಾಣುವಂಥದ್ದು. ಒಂದು ತುದಿ ಅವನ ಕೈಯಲ್ಲಿ, ಗೋಡೆಯ ಬದಿಗೆ. ಇನ್ನೊಂದು ಅಕ್ಕನ ಕೈಯಲ್ಲಿ, ಕಲ್ಲುಹಾಸಿನ ಆಚೆ ಅಂಚಿನಲ್ಲಿ ನೆಟ್ಟ ಗೂಟದ ಹತ್ತಿರ. ಎರಡೂ ಬಾಯಿ ತೆರೆದಿದ್ದರೆ ನೀರು ಎರಡು ಕಡೆಯೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆ ಅಳೆದರೆ ಯಾವ ಕಡೆ ತಗ್ಗು ಎಂದು ತಿಳಿಯುತ್ತದೆ. ನಡೆಯುವಾಗ ನೀರು ಚೆಲ್ಲದಿರಲೆಂದು ಬಾಯಿಗೆ ಹೆಬ್ಬೆರಳು ಒತ್ತಿಕೊಳ್ಳಬೇಕು, ಗುರುತು ಹಾಕುವಾಗ ತೆಗೆಯಬೇಕು. ತೆಗೆಯಲು ಮರೆತರೆ ನೀರು ಸುಳ್ಳು ಹೇಳುತ್ತದೆ. ಇಷ್ಟನ್ನು ಅವನು ವರ್ಷಕ್ಕೆ ನಾಲ್ಕು ಸಲ, ಇಲಾಖೆಗೆ ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ, ಒಂದೇ ಧ್ವನಿಯಲ್ಲಿ ಹೇಳುತ್ತ ಬಂದಿದ್ದ. ಅವರು ಆಕಳಿಸುತ್ತ ಬರೆದುಕೊಳ್ಳುತ್ತಿದ್ದರು.

ಅಕ್ಕ ಗೂಟದ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಅವನು ಅಳೆದ. ಆಚೆ ಅಂಚು ಗೋಡೆಯ ಬದಿಗಿಂತ ಎರಡು ಬೆರಳು ತಗ್ಗು, ಹೇಗಿರಬೇಕೋ ಹಾಗೆ. ಮಳೆಯ ನೀರು ಗೋಡೆ ಬಿಟ್ಟು ದೂರ ಹರಿದು ಚರಂಡಿ ಸೇರಲೇಬೇಕು.

ಆದರೆ ಗೋಡೆಯ ಬುಡದಲ್ಲಿ ಮಣ್ಣೇ ಇರಲಿಲ್ಲ.

ಹಿಂದೆ ಇದ್ದದ್ದು ನಿಜ. ಗೋಡೆಗೆ ತಾಗಿ ಒಂದು ಮೊಳ ಅಗಲಕ್ಕೆ ಮಣ್ಣಿನ ಏರಿ, ಅದರ ಮೇಲೆ ಹುಲ್ಲು, ಅದರಾಚೆ ಮೂರಡಿ ಕಲ್ಲುಹಾಸು, ಅದರಾಚೆ ಚರಂಡಿ. ಹನ್ನೊಂದು ವರ್ಷದ ಹಿಂದೆ ಅವನೇ ನಿಂತು ಮಾಡಿಸಿದ್ದು. ಮನೆ ಅಕ್ಕ ಭಾವನದು, ಬುದ್ಧಿ ಅವನದು. ಈಗ ಏರಿ ತೊಳೆದುಹೋಗಿ ಪಾಯದ ಕಲ್ಲುಗಳು, ಒಸಡು ಕರಗಿದ ಹಲ್ಲುಗಳ ಹಾಗೆ, ಉದ್ದಕ್ಕೆ ಕಾಣುತ್ತಿದ್ದವು. ಹುಲ್ಲು ಅಲ್ಲಲ್ಲಿ ಬೇರಿನ ಸಮೇತ ಜೋತುಬಿದ್ದಿತ್ತು.

ಅವನಿಗೆ ಈ ಏರಿ ಬರೀ ಏರಿಯಾಗಿರಲಿಲ್ಲ. ಅವನ ಪಾಠದ ಕೊನೆಯಲ್ಲಿ ಒಂದು ಚಿತ್ರ ಬರುತ್ತಿತ್ತು: ಈ ಗೋಡೆ, ಈ ಹುಲ್ಲು, ಈ ಕಲ್ಲುಹಾಸು. "ಇಷ್ಟು ಮಳೆಗಾಲ ಕಳೆದರೂ ಒಂದು ಹಿಡಿ ಮಣ್ಣು ಅಲುಗಿಲ್ಲ" ಎಂದು ಹೇಳಿ ದೀಪ ಹಾಕಿಸುತ್ತಿದ್ದ. ಇಲಾಖೆಯವರು ಈ ವರ್ಷ ಅವನ ಪಾಠವನ್ನು ಕೈಪಿಡಿಯಾಗಿ ಅಚ್ಚು ಹಾಕಿಸುತ್ತಿದ್ದರು, ಮುಖಪುಟಕ್ಕೆ ಇದೇ ಮನೆ. ಹೊಸ ಫೋಟೋ ತೆಗೆಯೋಣವೆಂದು ಬೆಳಗಿನ ಮೊದಲ ಬಸ್ಸಿಗೆ ಹೊರಟು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಹೇಳದೆ ಕೇಳದೆ ಬಂದಿದ್ದ.

ಬಾಗಿಲು ತೆರೆದ ಅಕ್ಕನ ಮುಖ ಬಣ್ಣಗೆಟ್ಟಿತು. ಹಿಂದೆಲ್ಲ ಅವನು ಬರುವ ದಿನ ಯಾವುದು, ಎಷ್ಟು ಹೊತ್ತಿಗೆ, ಯಾವ ಬಸ್ಸು ಎಂದು ನಾಲ್ಕು ನಾಲ್ಕು ಸಲ ಫೋನು ಮಾಡಿ ಕೇಳುತ್ತಿದ್ದಳು. ಅಕ್ಕನಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಎಂದು ಅವನು ಅಂದುಕೊಳ್ಳುತ್ತಿದ್ದ. ಅಕ್ಕರೆ ಇದ್ದದ್ದೂ ಹೌದು.

"ಈ ಸಲ ಬೇಸಿಗೆ ಮಳೆ ಜಾಸ್ತಿ" ಎಂದಿದ್ದಳು ಅಕ್ಕ, ಅವನು ಗೋಡೆಯ ಮುಂದೆ ಕೈಚೀಲ ಹಿಡಿದುಕೊಂಡೇ ನಿಂತಾಗ.

ಮಳೆ ಜಾಸ್ತಿ ಇರಬಹುದು. ಹೆಗ್ಗಣ ಕೊರೆದಿರಬಹುದು. ಪಕ್ಕದ ಮನೆಯವರು ತಮ್ಮ ಅಂಗಳ ಎತ್ತರಿಸಿ ನೀರನ್ನು ಈ ಕಡೆ ನೂಕಿರಬಹುದು. ಇಡೀ ಬೆಳಗ್ಗೆ ಅವನು ಪಕ್ಕದ ಮನೆಯವರನ್ನು ಮನಸ್ಸಿನಲ್ಲೇ ಕಟಕಟೆಗೆ ಹತ್ತಿಸಿ ಇಳಿಸಿ ಮಾಡಿದ್ದ. ಪಾಪ, ಅವರ ಅಂಗಳ ಇಲ್ಲಿಗಿಂತ ಒಂದಡಿ ತಗ್ಗಿನಲ್ಲಿತ್ತು.

ಈಗ ಅಳತೆ ಸರಿ ಬಂದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ಬಚ್ಚಲಿನಿಂದ ಒಂದು ತಂಬಿಗೆ ನೀರು ತಂದು ಕಲ್ಲುಹಾಸಿನ ನಡುವೆ ಸುರಿದ. ನೀರು ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ, ಮನೆ ಗೊತ್ತಿರುವ ನೆಂಟನ ಹಾಗೆ, ನೇರವಾಗಿ ಗೋಡೆಯ ಕಡೆ ಹೋಗಿ ಪಾಯದ ಸಂದಿಯಲ್ಲಿ ಇಳಿದು ಮಾಯವಾಯಿತು.

ಅವನು ಇನ್ನೊಂದು ತಂಬಿಗೆ ಸುರಿದ. ಅದೂ ಹಾಗೇ ಹೋಯಿತು.

"ಅಕ್ಕಾ, ಆ ಪೈಪು ಇಲ್ಲಿ ಕೊಡು."

"ಬಿಸಿಲು ಏರ್ತಾ ಇದೆ, ಒಳಗೆ ಬಾ. ತಿಂಡಿ ಆರಿಹೋಗತ್ತೆ."

"ಕೊಡು."

ಅವಳ ಕೈಯಿಂದ ತುದಿಯನ್ನು ಬಿಡಿಸಿಕೊಳ್ಳುವಾಗ ನೋಡಿದ: ಹೆಬ್ಬೆರಳು ಬಾಯಿಯ ಮೇಲೆ ಗಟ್ಟಿಯಾಗಿ ಕೂತಿತ್ತು. ಒತ್ತಿ ಒತ್ತಿ ಬೆರಳಿನ ಮೇಲೆ ಉಂಗುರದಂಥ ಗುರುತು ಬಿದ್ದಿತ್ತು. ಮರೆತು ಇಟ್ಟುಕೊಂಡ ಬೆರಳಲ್ಲ ಅದು. ನೀರನ್ನು ಹಿಡಿದಿಟ್ಟುಕೊಂಡು, ಪೈಪನ್ನು ಬೇಕಾದಷ್ಟು ಮೇಲಕ್ಕೆತ್ತಿ, ಅವನಿಗೆ ಸರಿಯಾಗುವ ಜಾಗಕ್ಕೆ ಗೆರೆ ಎಳೆದಿದ್ದಳು. ಅರವತ್ತರ ಹತ್ತಿರ ಬಂದ ಅಕ್ಕ ಸಿಕ್ಕಿಬಿದ್ದ ಹುಡುಗಿಯ ಹಾಗೆ ನೆಲ ನೋಡುತ್ತ ನಿಂತಳು.

ಅವನು ತುದಿಯನ್ನು ಗೂಟಕ್ಕೆ ದಾರದಿಂದ ಕಟ್ಟಿದ. ನೀರು ತೂಗಾಡಿ ನಿಲ್ಲುವ ತನಕ ಕಾದ. ತಾನೇ ಗೆರೆ ಎಳೆದ, ತಾನೇ ಅಳೆದ. ಗೋಡೆಯ ಬದಿಯೇ ಎರಡು ಬೆರಳು ತಗ್ಗು. ಉದ್ದಕ್ಕೂ ಐದು ಕಡೆ ಅಳೆದ. ಐದು ಕಡೆಯೂ ಕಲ್ಲುಹಾಸು ಬಹಳ ಅಚ್ಚುಕಟ್ಟಾಗಿ, ಒಂದೇ ಸಮ, ಗೋಡೆಯ ಕಡೆಗೆ ವಾಲಿತ್ತು. ತಪ್ಪಿನಲ್ಲೂ ಅವನ ಕೈ ಕಾಣುತ್ತಿತ್ತು.

"ಯಾವಾಗಿಂದ ಗೊತ್ತು?" ಎಂದ.

"ಏನು?"

"ಅಕ್ಕಾ."

"ಕಲ್ಲು ಹಾಸಿಸಿದ ದಿನ ಪೈಪು ಹಿಡ್ಕೊಂಡಿದ್ದು ನಾನೇ ಕಣೋ. ಬೆರಳು ತೆಗೆಯೋದು ಮರೆತೆ. ನಿಂದೇನೂ ತಪ್ಪಿಲ್ಲ." ಹೀಗೆಂದವಳು ತಿಂಡಿಯ ನೆಪ ಹೇಳಿ ಒಳಗೆ ಹೋಗಿಬಿಟ್ಟಳು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅಚ್ಚುಮನೆಯವನು. ಮುಖಪುಟದ ಫೋಟೋ ಒಂದು ಬಂದರೆ ಸಂಜೆಯೇ ಮೆಷಿನ್ನಿಗೆ ಹಾಕುವುದಾಗಿ ಹೇಳಿದ. ಸಂಜೆಯೊಳಗೆ ಕಳಿಸುತ್ತೇನೆ ಎಂದು ಇವನು, ತನ್ನ ಎಂದಿನ ಧ್ವನಿಯಲ್ಲೇ, ಹೇಳಿದ. ಆ ಧ್ವನಿ ತನ್ನನ್ನು ಬಿಟ್ಟು ಇಷ್ಟು ಚೆನ್ನಾಗಿ ಓಡಾಡಿಕೊಂಡಿದೆ ಎಂದು ಅವನಿಗೆ ಆಶ್ಚರ್ಯವಾಯಿತು.

ಗೋಡೆಯ ಕಿಟಕಿಯೊಳಗಿಂದ ಭಾವ ಕರೆದರು.

ಭಾವ ಬಸ್ಸು ಓಡಿಸುತ್ತಿದ್ದವರು. ಮೂವತ್ತು ವರ್ಷ ಕುಲುಕಿಸಿಕೊಂಡ ಬೆನ್ನು ಐದು ವಾರದ ಹಿಂದೆ ಕೈಕೊಟ್ಟು, ಈಗ ಕಿಟಕಿಯ ಪಕ್ಕದ ಮಂಚದಲ್ಲಿ ಅಂಗಾತ ಬಿದ್ದುಕೊಂಡಿದ್ದರು. ಇಬ್ಬರು ಹಿಡಿಯದೆ ಏಳುವ ಹಾಗಿರಲಿಲ್ಲ. ಬಚ್ಚಲಿನಲ್ಲಿ ಜಾರಿದ್ದು ಎಂದು ಫೋನಿನಲ್ಲಿ ಹೇಳಿದ್ದರು. ಮಕ್ಕಳಿಲ್ಲದ ಆ ದಂಪತಿಗೆ ಅವನೇ ಮಗನಂತೆ ಆಗಿ ಎಷ್ಟೋ ಕಾಲವಾಗಿತ್ತು. ತಾಯಿ ಸತ್ತಾಗ ಅವನಿಗೆ ಒಂಬತ್ತು, ಅಕ್ಕನಿಗೆ ಹತ್ತೊಂಬತ್ತು. ಮದುವೆಯಾಗಿ ಬಂದ ಭಾವ ಹೆಂಡತಿಯ ಜೊತೆ ಅವನನ್ನೂ, ಅವನ ಪುಸ್ತಕದ ಚೀಲವನ್ನೂ ಎತ್ತಿಕೊಂಡು ಬಂದಿದ್ದರು. ಊಟಕ್ಕೆ ಕೂತಾಗ ತಟ್ಟೆಗಳನ್ನೆಲ್ಲ ಒಂದೇ ಸಾಲಿಗೆ ಸರಿಪಡಿಸುವ ಹುಡುಗನಿಗೆ, ಗಾರೆಯವರು ಮಟ್ಟ ನೋಡುವ ಸಾಧನದ ಮೇಲೆ, ರಸಮಟ್ಟ ಎಂದು ಹೆಸರಿಟ್ಟದ್ದೂ ಅವರೇ.

"ರಸಮಟ್ಟ, ಇಲ್ಲಿ ಬಾ. ನಿಮ್ಮಕ್ಕ ಏನಂದ್ಲು?"

ಅಕ್ಕ ಹೇಳಿದ್ದನ್ನು ಹೇಳಿದ.

"ಅವಳದ್ದೊಂದು. ಆವತ್ತು ಪೈಪು ಹಿಡಿದಿದ್ದು ನಾನು. ಬೆರಳು ಇಟ್ಟುಕೊಂಡೇ ನಿಂತಿದ್ದೆ. ನನಗೆ ಸ್ಟೇರಿಂಗು ಬಿಟ್ರೆ ಬೇರೆ ಹಿಡಿದು ಗೊತ್ತಿದ್ದರಲ್ವೇ?"

"ಒಂದು ಪೈಪಿಗೆ ಎರಡೇ ತುದಿ, ಭಾವ. ಒಂದು ನನ್ನ ಹತ್ರ ಇತ್ತು."

"ಅದೇ ಮತ್ತೆ. ಇನ್ನೊಂದು ನನ್ನ ಹತ್ರ."

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು. ಇಬ್ಬರೂ ಹೇಳುತ್ತಿರಬಹುದು. ಅವನು ಆ ದಿನವನ್ನು ನೆನಪಿಸಿಕೊಳ್ಳಲು ನೋಡಿದ. ಯಾರು ಎಲ್ಲಿ ನಿಂತಿದ್ದರು, ಬಿಸಿಲಿತ್ತೇ, ತನ್ನ ಕೈಯಲ್ಲಿ ಪೆನ್ಸಿಲ್ ಯಾವುದರಲ್ಲಿತ್ತು, ಪೈಪು ಯಾವುದರಲ್ಲಿತ್ತು. ಏನೂ ಬರಲಿಲ್ಲ. ಬಂದದ್ದು ಪಾಠದ ಕೊನೆಯ ಆ ಚಿತ್ರ ಒಂದೇ. ಅದನ್ನು ಎಷ್ಟು ಸಲ ತೋರಿಸಿದ್ದನೆಂದರೆ ಅದರ ಹಿಂದೆ ಇದ್ದ ದಿನ ಪೂರ್ತಿ ಅಳಿಸಿಹೋಗಿತ್ತು. ತನ್ನದೇ ಹೆಬ್ಬೆರಳನ್ನು ಎತ್ತಿ ನೋಡಿಕೊಂಡ. ಅದು ಏನನ್ನೂ ಒಪ್ಪಿಕೊಳ್ಳಲಿಲ್ಲ.

ಭಾವ ಆಮೇಲೆ, ಅಲ್ಲೊಂದು ಇಲ್ಲೊಂದು ಮಾತಾಗಿ, ಎಲ್ಲ ಹೇಳಿದರು. ಮೊದಲ ಮಳೆಗೇ ಅವರಿಗೆ ಗೊತ್ತಾಗಿತ್ತು. ಮಳೆ ನಿಂತ ಮೇಲೆ ನೋಡಿದರೆ ಏರಿಯ ಅರ್ಧ ಇರಲಿಲ್ಲ. ಅವನಿಗೆ ತಿಳಿಸೋಣವೆಂದು ಅಕ್ಕ ಫೋನು ಎತ್ತಿಕೊಂಡಳಂತೆ. ಆ ಕಡೆಯಿಂದ ಅವನು, ಹೆಂಡತಿ ತನ್ನ ಸಾಮಾನು ತೆಗೆದುಕೊಂಡು ಹೋದಳೆಂದು ಹೇಳಿದನಂತೆ. ಜಗಳವೂ ಇಲ್ಲದೆ ಮುಗಿದ ಮದುವೆ ಅದು. ಎರಡು ವರ್ಷ ಒಂದೇ ಮನೆಯಲ್ಲಿ ಇಬ್ಬರು ಸಭ್ಯರು. ಅಂಥ ಹೊತ್ತಿನಲ್ಲಿ ಮಣ್ಣಿನ ಮಾತು ಎತ್ತುವುದು ಹೇಗೆ? ಅಕ್ಕ ಊಟ ಮಾಡಿದೆಯಾ ಎಂದು ಕೇಳಿ ಫೋನು ಇಟ್ಟಳಂತೆ. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಭಾವ ಸಲಿಕೆ, ಬಾಂಡ್ಲಿ ಹಿಡಿದುಕೊಂಡು ಹೊರಟರಂತೆ.

"ಆಮೇಲೆ ಹೇಳೋಣ ಅಂದ್ಕೊಂಡ್ವಿ. ಆಮೇಲೆ ಅಭ್ಯಾಸ ಆಗ್ಹೋಯ್ತು. ಮಳೆ ಬಂತು ಅಂದ್ರೆ ಬಾಂಡ್ಲಿ. ಒಳ್ಳೆ ವ್ಯಾಯಾಮ ಅದು" ಎಂದು ಭಾವ ನಕ್ಕರು. ನಕ್ಕದ್ದಕ್ಕೆ ಬೆನ್ನು ಹಿಡಿದು, ಕಣ್ಣು ಮುಚ್ಚಿಕೊಂಡರು.

ಬಚ್ಚಲಿನಲ್ಲಿ ಯಾರೂ ಜಾರಿರಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ಈ ಮನುಷ್ಯನನ್ನು ತಾನು ಎಷ್ಟು ಪ್ರೀತಿಸುತ್ತೇನೆ ಎಂದು ಅನ್ನಿಸಿದ್ದೂ, ಈ ಮನುಷ್ಯನ ಕಣ್ಣಿಗೆ ಇನ್ನೆಂದೂ ಬೀಳಬಾರದು ಎಂದು ಅನ್ನಿಸಿದ್ದೂ ಒಟ್ಟಿಗೆ.

ಅಡಿಗೆಮನೆಯಲ್ಲಿ ತಿಂಡಿಯ ತಟ್ಟೆಯ ಮುಂದೆ ಕೂತು ಅವನು ಮಾಡಬೇಕಾದ್ದನ್ನು ಹೇಳಿದ. ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿದೆ. ಕಲ್ಲುಹಾಸನ್ನು ಪೂರ್ತಿ ಕಿತ್ತು, ಇಳಿಜಾರು ತಿರುಗಿಸಿ ಹಾಸಬೇಕು. ಇಲ್ಲದಿದ್ದರೆ ಭಾವ ಮಲಗಿದ ಕೋಣೆಯ ಗೋಡೆ ಉಳಿಯುವುದಿಲ್ಲ. ಕಿತ್ತರೆ ಕೈಪಿಡಿ ಹೋಗುತ್ತದೆ, ಪಾಠ ಹೋಗುತ್ತದೆ, ಇಷ್ಟು ವರ್ಷ ತಾನು ಹೇಳಿದ್ದೆಲ್ಲ ಹೋಗುತ್ತದೆ. ಅದನ್ನು ಅವನು ಹೇಳಲಿಲ್ಲ. ಹೇಳದೆಯೂ ಅಕ್ಕನಿಗೆ ಕೇಳಿಸಿತು.

"ಅದನ್ನ ಒಡೀಬೇಡ. ಇಷ್ಟು ದಿನ ಅವರು ಹಾಕ್ತಿದ್ರು, ಇನ್ಮೇಲೆ ನಾನು ಹಾಕ್ತೀನಿ ಮಣ್ಣು. ನನ್ನ ಬೆನ್ನು ಗಟ್ಟಿ ಇದೆ" ಎಂದಳು.

"ಹನ್ನೊಂದು ವರ್ಷ, ಅಕ್ಕ. ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

ಅಕ್ಕ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಅವನ ಕಡೆ ತಿರುಗಲಿಲ್ಲ.

"ನೀನು ಬಂದಾಗಲೆಲ್ಲ ಮೊದಲು ಅದನ್ನ ನೋಡ್ತಿದ್ದೆ, ಆಮೇಲೆ ನಮ್ಮನ್ನ. ಅದರ ಮುಂದೆ ನಿಂತಾಗ ಮಾತ್ರ ನಿನ್ನ ಮುಖ ಚಿಕ್ಕಂದಿನ ಥರ ಇರ್ತಿತ್ತು. ಬೇರೆ ಇನ್ನೆಲ್ಲೂ ಇರ್ತಿರ್ಲಿಲ್ಲ. ಅದನ್ನ ಯಾಕೆ ಕೆಡಿಸ್ಲಿ?"

ಅವನು ತುತ್ತನ್ನು ಬಾಯಲ್ಲಿಟ್ಟುಕೊಂಡೇ ಕೂತ. ಏಳು ಸಲ ವರ್ಗವಾಗಿದ್ದ, ಏಳು ಊರಿನ ಇಲಾಖೆಯ ಕೋಣೆಗಳಲ್ಲಿ ಮಲಗಿದ್ದ. ಯಾವ ಕೋಣೆಯ ಗೋಡೆಗೂ ಒಂದು ಮೊಳೆ ಹೊಡೆದಿರಲಿಲ್ಲ. ನಿದ್ದೆ ಬಾರದಾಗ ಕಣ್ಣು ಮುಚ್ಚಿಕೊಂಡು ಈ ಕಲ್ಲುಹಾಸಿನ ಮೇಲೆ ನೀರು ಹರಿದು ದೂರ ಹೋಗುವುದನ್ನು ನೋಡುತ್ತಿದ್ದ. ತನ್ನಿಂದ ಈ ಲೋಕದಲ್ಲಿ ಒಂದಾದರೂ ಸರಿಯಾಗಿದೆ ಎಂದು ಅದು ಹೇಳುತ್ತಿತ್ತು. ಅದನ್ನು ಹೇಳಿಸುತ್ತಿದ್ದದ್ದು ಭಾವನ ಬಾಂಡ್ಲಿ.

ಅವನಿಗೆ ಸಿಟ್ಟು ಬರಬೇಕಾಗಿತ್ತು. ಬಾಯಿ ತುಂಬ ಬೈಯಬೇಕಾಗಿತ್ತು. ಅವರು ಅವನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡದ್ದು ಮಾತ್ರವಲ್ಲ, ಅದಕ್ಕೆ ಹುಲ್ಲು ನೆಟ್ಟು ನೀರೆರೆದಿದ್ದರು. ಅಂಥವರನ್ನು ಬೈಯುವ ಮಾತು ಯಾವುದು? ತಿಂಡಿ ಚೆನ್ನಾಗಿದೆ ಎಂದ. ಅಕ್ಕ ಇನ್ನೊಂದು ಸೌಟು ಬಡಿಸಿದಳು.

ಮಧ್ಯಾಹ್ನ ಮೋಡ ಕವಿಯಿತು. ಅವನು ಕಿಟಕಿಯ ಹೊರಗೆ ನಿಂತು, ಸುಮ್ಮನೆ ಕೇಳಬೇಕಲ್ಲ ಎಂದು ಭಾವನನ್ನು ಕೇಳಿದ: ಅಷ್ಟು ಮಣ್ಣು ಎಲ್ಲಿಂದ ತರುತ್ತಿದ್ದರು?

"ದೂರ ಏನಲ್ಲ. ಮನೆ ಹಿಂದೆ, ರಸ್ತೆ ಚರಂಡಿ ಇದೆಯಲ್ಲ, ಮಳೆ ನಿಂತ ಮೇಲೆ ಅಲ್ಲೇ ಗುಡ್ಡೆ ಬಿದ್ದಿರೋದು. ದೇವರೇ ತಂದು ಸುರಿದ ಹಾಗೆ. ಕೆಂಪಗೆ, ನುಣ್ಣಗೆ, ಬಹಳ ಒಳ್ಳೆ ಮಣ್ಣು."

"ಕೆಂಪಗೆ?"

"ಕೆಂಪಗೆ."

ಅವನು ಅಂಗಳ ನೋಡಿದ. ಅಂಗಳದ ಮಣ್ಣು ಕಪ್ಪು. ಬೀದಿಯದೂ ಕಪ್ಪು, ಪಕ್ಕದವರದೂ ಕಪ್ಪು. ಏರಿಗೆ ಅವನು ಹಾಕಿಸಿದ್ದೂ ಅದೇ ಕಪ್ಪು ಮಣ್ಣು. ಕೆಂಪು ಮಣ್ಣು ಈ ಬೀದಿಯಲ್ಲಿ ಇದ್ದದ್ದು ಒಂದೇ ಕಡೆ. ಮನೆ ಕಟ್ಟುವಾಗ, ಪಾಯದ ಗೋಡೆಗಳ ನಡುವೆ, ನೆಲದ ಅಡಿಗೆ ತುಂಬಲು, ಗಟ್ಟಿಯಾಗಿ ಕೂರುತ್ತದೆಂದು ಅವನು ಬಹಳ ದೂರದಿಂದ ತರಿಸಿದ್ದು ಅದು.

ಗೋಡೆಯ ಬುಡದಲ್ಲಿ ಇಳಿದ ನೀರು ಮನೆಯ ಅಡಿಯಿಂದ ಮಣ್ಣನ್ನು ಹೊತ್ತುಕೊಂಡು ಹಿಂದಿನ ಚರಂಡಿಗೆ ಹೋಗುತ್ತಿತ್ತು. ಭಾವ ಅಲ್ಲಿಂದ ಅದನ್ನು ತುಂಬಿ ತಂದು, ಗೋಡೆಯ ಹೊರಗೆ, ಎಲ್ಲರಿಗೂ ಕಾಣುವ ಹಾಗೆ, ಒಪ್ಪವಾಗಿ ಏರಿ ಕಟ್ಟಿ ಹುಲ್ಲು ಹೊದಿಸುತ್ತಿದ್ದರು. ತಾವು ಮಲಗುವ ನೆಲದ ಕೆಳಗಿನದನ್ನೇ. ಮುಂದಿನ ಮಳೆ ಅದನ್ನೂ ಒಯ್ಯುತ್ತಿತ್ತು.

ಶೆಡ್ಡಿನಿಂದ ಹಾರೆ ತಂದ. ಅಕ್ಕ ಬಾಗಿಲಿಗೆ ಬಂದು ನೋಡಿ, "ನೀನು ಅದನ್ನ ಒಡೆಯೋದು ನನಗೆ ನೋಡೋಕಾಗಲ್ಲ" ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಚಿಕ್ಕಂದಿನಲ್ಲಿ ಅವನಿಗೆ ಸೂಜಿ ಚುಚ್ಚುವಾಗಲೂ ಹೀಗೇ ಆ ಕಡೆ ತಿರುಗಿಕೊಳ್ಳುತ್ತಿದ್ದಳು.

ಗೋಡೆಯ ಹತ್ತಿರದ ಕಲ್ಲಿನ ಸಂದಿಗೆ ಹಾರೆ ಇಟ್ಟು ಒಂದೇ ಏಟು ಹಾಕಿದ. ಕಲ್ಲು ತಡೆಯಲಿಲ್ಲ. ಹಾರೆ ಅರ್ಧದ ತನಕ ಇಳಿದು, ಕೆಳಗೆ ಏನನ್ನೂ ಮುಟ್ಟದೆ ತೂಗಿತು. ಕಲ್ಲನ್ನು ಎಬ್ಬಿಸಿ ಸರಿಸಿದ. ಅದರಡಿ ನೆಲವಿರಲಿಲ್ಲ. ಅಕ್ಕಪಕ್ಕದ ಕಲ್ಲುಗಳು ಒಂದಕ್ಕೊಂದು ಆತುಕೊಂಡು, ಹಳೆಯ ಸ್ನೇಹಿತರ ಹಾಗೆ, ಬರೀ ರೂಢಿಯಿಂದ ನಿಂತಿದ್ದವು. ಪಾಯದ ಎರಡು ಕಲ್ಲುಗಳ ನಡುವೆ ಗಾರೆ ಕರಗಿ ತೋಳು ಹಿಡಿಸುವಷ್ಟು ಸಂದಾಗಿತ್ತು.

ಅವನು ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ಒದ್ದೆ ಕಲ್ಲಿಗೆ ಒತ್ತಿ, ತೋಳನ್ನು ಒಳಗೆ ತೂರಿಸಿದ. ಮೊಣಕೈ ಹೋಯಿತು. ಭುಜ ಹೋಯಿತು. ಬೆರಳು ಚಾಚಿದ. ಮಣ್ಣು ಸಿಗಲಿಲ್ಲ. ಕೆಳಗೆ ಚಾಚಿದ, ಆಚೆ ಚಾಚಿದ, ಏನೂ ತಗಲಲಿಲ್ಲ. ತಂಪಾದ ಗಾಳಿ ಕೈಯ ಸುತ್ತ ಸುಳಿಯಿತು. ಕೊನೆಗೆ ಅಂಗೈಯನ್ನು ಮೇಲಕ್ಕೆ ತಿರುಗಿಸಿದಾಗ ಒರಟಾದ ಹಾಸೊಂದು ತಗಲಿತು. ಅದು ಕೋಣೆಯ ನೆಲ. ಅದರ ಮೇಲೆ ಮಂಚ, ಮಂಚದ ಮೇಲೆ ಭಾವ.

ಮೇಲೆ ಅಕ್ಕ ನಡೆದು ಬಂದಳು. ಅವಳ ಪ್ರತಿ ಹೆಜ್ಜೆಗೂ ನೆಲ ಕೂದಲೆಳೆಯಷ್ಟು ಇಳಿದು ಏಳುವುದು ಅಂಗೈಗೆ ತಿಳಿಯಿತು.

ಇಬ್ಬರನ್ನೂ ಹೊರಗೆ ತರಬೇಕು. ಭಾವನನ್ನು ಎಬ್ಬಿಸಲು ಇಬ್ಬರು ಬೇಕು. ತಾನು ಒಳಗೆ ಹೋದರೆ ಆ ನೆಲದ ಮೇಲೆ ಮೂರು ಜನ. ಅವನ ತಲೆ ಲೆಕ್ಕ ಹಾಕತೊಡಗಿತು, ಅದಕ್ಕೆ ಬರುವುದು ಅದೊಂದೇ.

"ಅಕ್ಕಾ, ಹೊರಗೆ ಬಾ."

"ಬರಲ್ಲ" ಎಂದಳು ಅಕ್ಕ ಕಿಟಕಿಯೊಳಗಿಂದ. "ನೋಡಲ್ಲ ಅಂದೆನಲ್ಲ. ನಿನ್ನ ಕೆಲಸ ಮುಗಿಸಿ ನೀನೇ ಒಳಗೆ ಬಾ. ಟೀ ಇಟ್ಟಿದ್ದೀನಿ."

"ಅಕ್ಕಾ, ಒಂದು ನಿಮಿಷ."

"ಬಾ ಅಂದೆನಲ್ಲ."

ಅವಳು ಮಂಚದ ಅಂಚಿನಲ್ಲಿ ಕೂತಳು. ಅದೂ ತಿಳಿಯಿತು. ನಿಮ್ಮ ಕೆಳಗೆ ನೆಲವಿಲ್ಲ ಎಂದು ಹೇಳಬೇಕು. ಹೇಳಲು ಬಾಯಿ ತೆರೆದ. ಹನ್ನೊಂದು ವರ್ಷ ಅವರೂ ಹೀಗೇ ಬಾಯಿ ತೆರೆದು ಊಟ ಮಾಡಿದೆಯಾ ಎಂದು ಕೇಳಿರಬೇಕು. ತುಟಿಗೆ ಮಣ್ಣು ತಗಲಿತು, ಬಾಯಿ ಮುಚ್ಚಿಕೊಂಡ.

ಭಾವ ಮೆಲ್ಲಗೆ ಏನೋ ಹೇಳಿದರು, ರಸಮಟ್ಟ ಎಂಬುದಷ್ಟೇ ಕೇಳಿಸಿತು. ಅಕ್ಕ ನಕ್ಕಳು. ಭಾವನೂ ನಕ್ಕರು, ಬೆನ್ನು ನೋಯುವುದನ್ನು ಮರೆತು, ಜೋರಾಗಿ. ನಗು ನೆಲದೊಳಗಿಂದ ಇಳಿದು ಅವನ ಅಂಗೈಯಲ್ಲಿ ನಡುಗಿತು.

ಒಂದು ಕೈ ಏನನ್ನೂ ಎತ್ತಿ ಹಿಡಿಯಲಾರದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಇಲಾಖೆಯಲ್ಲೇ ಇರಲಿಲ್ಲ. ಬೆನ್ನ ಮೇಲೆ ಮೊದಲ ಹನಿ ಬಿತ್ತು, ಇನ್ನೊಂದು ಬಿತ್ತು. ಅವನು ಬೆರಳುಗಳನ್ನು ಅಗಲಿಸಿ, ಅಂಗೈಯನ್ನು ಇನ್ನಷ್ಟು ಬಲವಾಗಿ ಮೇಲಕ್ಕೆ ಒತ್ತಿ ಹಿಡಿದ.